ಮಲೆನಾಡಿನ ಮಳೆಯೂ ಸೈಕಲ್ ಚೈನೂ: ಎಣ್ಣೆಗೆ ಮೊದಲು ಬಟ್ಟೆ

ಶಿವಮೊಗ್ಗ: ಮಳೆಗಾಲ ಮುಗಿದು ಆಯುಧಪೂಜೆ ಸಮೀಪಿಸುತ್ತಿದ್ದಂತೆ ಶಿವಮೊಗ್ಗ ಹಾಗೂ ಭದ್ರಾವತಿಯ ಮನೆಯಂಗಳಗಳಲ್ಲಿ ಸೈಕಲ್ಲುಗಳಿಗೂ ಸ್ನಾನವಾಗುತ್ತದೆ. ಒಂದು ಬಕೆಟ್ ನೀರು, ಸೋಪಿನ ಪುಡಿ, ಬಳಿಕ ಚೈನಿನ ಮೇಲೆ ಧಾರಾಳವಾಗಿ ಎಣ್ಣೆ. ಹ್ಯಾಂಡಲ್‌ಗೆ ಹೂವು, ಮಡ್‌ಗಾರ್ಡ್‌ಗೆ ಕುಂಕುಮ. ಪೂಜೆಗೆ ಇಷ್ಟು ಸಾಕು, ಸೈಕಲ್ಲಿಗೆ ಸಾಲದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚೈನಿನೊಳಗೆ ಸೇರಿದ ಕೆಸರು ಹೊಸ ಎಣ್ಣೆಯೊಂದಿಗೆ ಬೆರೆತು, ಉಕ್ಕನ್ನೇ ಅರೆಯುವ ಕಪ್ಪು ಲೇಪವಾಗುತ್ತದೆ.

ಕಬ್ಬಿಣದ ಸ್ವಭಾವ ಭದ್ರಾವತಿಗೆ ಹೊಸದಲ್ಲ. ಹಿಂದೆ ಬೆಂಕಿಪುರವೆನಿಸಿದ್ದ ಈ ಊರಿನಲ್ಲಿ ಮೈಸೂರು ಸಂಸ್ಥಾನವು 1918ರಲ್ಲಿ ಕಬ್ಬಿಣದ ಕಾರ್ಖಾನೆಗೆ ಅಡಿಪಾಯ ಹಾಕಿತು. 1923ರಲ್ಲಿ ಕಬ್ಬಿಣದ ಉತ್ಪಾದನೆ ಆರಂಭವಾಯಿತು. 1936ರಲ್ಲಿ ಕಾಗದ ಕಾರ್ಖಾನೆಯೂ ಸ್ಥಾಪನೆಯಾಯಿತು. ಪಾಳಿಯ ಕೆಲಸಕ್ಕೆ ಸೈಕಲ್ ತುಳಿದು ಹೋಗುತ್ತಿದ್ದ ಕಾರ್ಮಿಕರಿಗೆ ಅದರ ಆರೈಕೆ ದಿನಚರಿಯ ಭಾಗವಾಗಿತ್ತು. 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ರಾಜ್ಯ ಸರ್ಕಾರ ಉಚಿತ ಸೈಕಲ್ ನೀಡಲಾರಂಭಿಸಿದ ಮೇಲೆ ಸೈಕಲ್ ಹೊಸ ತಲೆಮಾರಿನ ಕೈಸೇರಿತು. ಆರೈಕೆಯ ವಿದ್ಯೆ ಅದರ ಜೊತೆಗೆ ಬರಲಿಲ್ಲ.

ಚೈನಿಗೆ ಎಣ್ಣೆ ಬೇಕಾದದ್ದು ಎಲ್ಲಿ ಎಂಬುದನ್ನು ಅರಿತರೆ ಅರ್ಧ ಕೆಲಸ ಮುಗಿದಂತೆ. ಹ್ಯಾನ್ಸ್ ರೆನಾಲ್ಡ್ 1880ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ರೂಪಿಸಿದ ರೋಲರ್ ಚೈನಿನ ರಚನೆಯೇ ಇಂದಿನ ಸೈಕಲ್ ಚೈನಿಗೂ ಆಧಾರ. ಪ್ರತಿ ಕೊಂಡಿಯ ಒಳಗೆ ಒಂದು ಪಿನ್, ಅದರ ಸುತ್ತ ತಿರುಗುವ ಸಣ್ಣ ಉರುಳೆ. ಸವೆತ ನಡೆಯುವುದು ಇವೆರಡರ ನಡುವೆ. ಹೊರಮೈಯಲ್ಲಿ ನಿಂತ ಎಣ್ಣೆ ತುಕ್ಕನ್ನು ಸ್ವಲ್ಪ ತಡೆಯಬಹುದು. ಅದಕ್ಕಿಂತ ಹೆಚ್ಚಾಗಿ ಧೂಳನ್ನು ಹಿಡಿದಿಡುತ್ತದೆ.

ಆದ್ದರಿಂದ ಮೊದಲು ಒಣ ಬಟ್ಟೆ. ಸೈಕಲ್ಲನ್ನು ಡಬಲ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಅಥವಾ ತಲೆಕೆಳಗಾಗಿ ಇಟ್ಟು, ಚೈನನ್ನು ಬಟ್ಟೆಯಲ್ಲಿ ಹಿಡಿದು ಪೆಡಲನ್ನು ಹಿಮ್ಮುಖವಾಗಿ ತಿರುಗಿಸಬೇಕು. ಬೆರಳು ಹಲ್ಲುಚಕ್ರಕ್ಕೆ ಸಿಲುಕದಂತೆ ಎಚ್ಚರ ಅಗತ್ಯ. ಗಟ್ಟಿಯಾದ ಜಿಡ್ಡಿಗೆ ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ಅದ್ದಿ ಉಜ್ಜಬಹುದು. ಒಲೆಯಿಂದ ದೂರ, ಬಯಲಿನಲ್ಲಿ ಈ ಕೆಲಸ ಮಾಡಬೇಕು, ಟೈರಿಗೆ ತಾಗಬಾರದು. ಉಳಿದ ಕೊಳಕು ಎಣ್ಣೆಯನ್ನು ಚರಂಡಿಗೆ ಸುರಿದರೆ ಅದು ಕೊನೆಗೆ ತುಂಗೆಯನ್ನೋ ಭದ್ರೆಯನ್ನೋ ಸೇರುತ್ತದೆ. ಚೈನು ಪೂರ್ತಿ ಒಣಗಿದ ಮೇಲೆ, ಒಳಬದಿಯಿಂದ, ಉರುಳೆಗೆ ಒಂದು ಹನಿಯಂತೆ ಎಣ್ಣೆ ಬಿಡಬೇಕು. ಹತ್ತಾರು ಸುತ್ತು ತಿರುಗಿಸಿ, ಸ್ವಲ್ಪ ಹೊತ್ತು ಬಿಟ್ಟು, ಹೊರಗಿನದನ್ನೆಲ್ಲ ಒರೆಸಿ ತೆಗೆಯಬೇಕು. ಹಾಕಿದ ಎಣ್ಣೆಯನ್ನು ಒರೆಸಲು ಮನಸ್ಸು ಬಾರದಿರುವುದು ಸಹಜ. ಆದರೆ ಒಳಗೆ ಇಳಿಯಬೇಕಾದದ್ದು ಅಷ್ಟರಲ್ಲಿ ಇಳಿದಿರುತ್ತದೆ.

ಯಾವ ಎಣ್ಣೆ? ಹೊಲಿಗೆ ಯಂತ್ರದ ಎಣ್ಣೆ ತೆಳುವಾಗಿದ್ದು ಬೇಸಿಗೆಗೆ ಹೊಂದುತ್ತದೆ, ಮಳೆಗೆ ಬೇಗ ತೊಳೆದುಹೋಗುತ್ತದೆ. ಮಳೆಗಾಲಕ್ಕೆ ಸ್ವಲ್ಪ ದಪ್ಪನೆಯ ಎಂಜಿನ್ ಎಣ್ಣೆ ವಾಸಿ, ಆದರೆ ಹೊಸದು. ಗ್ಯಾರೇಜಿನಲ್ಲಿ ಉಚಿತವಾಗಿ ಸಿಗುವ ಬಳಸಿದ ಎಣ್ಣೆಯಲ್ಲಿ ಮಸಿಯೂ ಲೋಹದ ಕಣಗಳೂ ಇರುತ್ತವೆ. ಕೊಬ್ಬರಿ ಎಣ್ಣೆಯಂತೂ ಮಲೆನಾಡಿನ ಚಳಿಯಲ್ಲಿ ಹೆಪ್ಪುಗಟ್ಟುತ್ತದೆ, ದಿನ ಕಳೆದಂತೆ ಅಂಟಾಗುತ್ತದೆ. ಇಂಗ್ಲಿಷಿನ ‘ಓವರ್‌ಹಾಲಿಂಗ್’ ನಮ್ಮವರ ಬಾಯಲ್ಲಿ ‘ಓವರಾಯಿಲಿಂಗ್’ ಆಗಿರುವುದಕ್ಕೂ ಈ ಅತಿ ಎಣ್ಣೆಯ ಅಭ್ಯಾಸಕ್ಕೂ ಸಂಬಂಧವಿದ್ದರೆ ಅಚ್ಚರಿಯಿಲ್ಲ.

ಫ್ರೀವೀಲ್‌ನ ಸಂದಿಗೆ, ಬ್ರೇಕ್ ಹಿಡಿಯ ಕೀಲುಗಳಿಗೆ, ಸ್ಟ್ಯಾಂಡಿನ ಕೀಲಿಗೆ ಎರಡೆರಡು ಹನಿ ಸಾಕು. ಹಳೆಯ ಮಾದರಿಯ ಹಬ್‌ಗಳಲ್ಲಿ ಎಣ್ಣೆ ಬಿಡಲೆಂದೇ ಸಣ್ಣ ರಂಧ್ರವಿರುತ್ತದೆ. ಅಲ್ಲಿಯೂ ಕೈ ಬಿಗಿಯಾಗಿರಬೇಕು. ಹೆಚ್ಚಾದ ಎಣ್ಣೆ ಚಕ್ರ ತಿರುಗಿದಂತೆ ಸ್ಪೋಕ್ಸ್ ಹಿಡಿದು ರಿಮ್‌ಗೆ ಹರಿಯುತ್ತದೆ.

ನಿಜವಾದ ಅಪಾಯವಿರುವುದು ಇಲ್ಲಿ. ಸಾಮಾನ್ಯ ಸೈಕಲ್ಲಿನ ಬ್ರೇಕ್ ರಬ್ಬರ್ ರಿಮ್ ಅನ್ನೇ ಒತ್ತಿ ಹಿಡಿಯುತ್ತದೆ. ರಿಮ್ ಬರೀ ನೆನೆದಿದ್ದರೂ ಬ್ರೇಕ್ ಹಿಡಿಯುವುದು ತಡವಾಗುತ್ತದೆ; ಎಣ್ಣೆ ತಾಗಿದ್ದರೆ ಇಳಿಜಾರಿನಲ್ಲಿ ಹಿಡಿಯುವುದೇ ಇಲ್ಲ. ‘ಬ್ರೇಕ್ ಕಿರುಗುಟ್ಟುತ್ತದೆ’ ಎಂದು ಮಕ್ಕಳು ರಬ್ಬರಿಗೇ ಎಣ್ಣೆ ಬಿಡುವುದುಂಟು. ಹಾಗಾಗಿದ್ದರೆ ರಿಮ್ ಅನ್ನು ಸೋಪು ನೀರಿನಿಂದ ಎರಡು ಬಾರಿ ತೊಳೆದು ಒಣಗಿಸಿ, ರಬ್ಬರಿನ ಮೇಲ್ಮೈಯನ್ನು ಉಪ್ಪುಕಾಗದದಿಂದ ಉಜ್ಜಬೇಕು. ರಬ್ಬರ್ ಎಣ್ಣೆ ಹೀರಿದ್ದರೆ ಬದಲಿಸುವುದೇ ಸರಿ. ಅಂಗಳದಲ್ಲಿ ಪರೀಕ್ಷಿಸಿದ ನಂತರವೇ ಮಗುವನ್ನು ರಸ್ತೆಗೆ ಕಳುಹಿಸಬೇಕು.

ವಾಹನ ತೊಳೆಯುವ ಕೇಂದ್ರಗಳ ರಭಸದ ನೀರಿಗೆ ಸೈಕಲ್ ಒಡ್ಡುವುದು ಬೇಡ. ಆ ನೀರು ಬೇರಿಂಗ್‌ನೊಳಗೆ ನುಗ್ಗಿ ಗ್ರೀಸನ್ನು ಹೊರದೂಡುತ್ತದೆ. ಹಬ್, ಪೆಡಲ್ ಅಚ್ಚುಗಳನ್ನು ಬಿಚ್ಚಿ ಗ್ರೀಸ್ ತುಂಬುವುದು ಮನೆಯ ಕೆಲಸವಲ್ಲ. ವರ್ಷಕ್ಕೊಮ್ಮೆ, ಮಳೆ ನಿಂತ ಬಳಿಕ, ಸೈಕಲ್ ಶಾಪಿಗೆ ಒಯ್ಯುವುದು ಒಳ್ಳೆಯದು.

ಶಾಪಿಗೆ ಹೋಗುವ ಮುನ್ನ ಶಾಲೆಯ ಸ್ಕೇಲಿನಲ್ಲಿ ಚೈನನ್ನೊಮ್ಮೆ ಅಳೆಯಬಹುದು. ಒಂದು ಪಿನ್ನಿನ ನಡುವಿನಿಂದ ಎಣಿಸಿದರೆ 24ನೇ ಪಿನ್ನಿನ ನಡುವು ಸರಿಯಾಗಿ 12 ಇಂಚಿಗೆ ಬರಬೇಕು. ಅದು 12 ಇಂಚು ದಾಟಿ ಇಂಚಿನ ಎಂಟನೇ ಒಂದು ಭಾಗದಷ್ಟು ಮುಂದೆ ಹೋಗಿದ್ದರೆ ಚೈನಿನ ಆಯುಷ್ಯ ಮುಗಿದಿದೆ. ಅದಕ್ಕೆ ಇನ್ನು ಎಣ್ಣೆ ಬಿಟ್ಟು ಪ್ರಯೋಜನವಿಲ್ಲ.