ಹಳೆಯ ಕಮಾನಿನ ಬೆಲೆ



ಕಮಾನು ಎಂದ ಕೂಡಲೇ ನಿಮಗೆ ಏನು ನೆನಪಾಗುತ್ತದೆ? ಮಸೀದಿಯ ಬಾಗಿಲ ಮೇಲಿನ ಬಾಗು, ಜಲ್ಸಾದ ದಿನ ರಸ್ತೆಗೆ ಅಡ್ಡಲಾಗಿ ಕಟ್ಟುವ ಸ್ವಾಗತ ಕಮಾನು, ಇಲ್ಲವೇ ಪಿಟೀಲು ನುಡಿಸುವ ಕಡ್ಡಿ. ಈ ಶಬ್ದ ಫಾರ್ಸಿಯಿಂದ ನಮ್ಮ ಕನ್ನಡಕ್ಕೆ ಬಂದದ್ದು. ಅಲ್ಲಿ ಅದರ ಮೊದಲ ಅರ್ಥ ಬಿಲ್ಲು. ಇಂದಿಗೂ ಉರ್ದುವಿನಲ್ಲಿ ತೀರ್ ಕಮಾನ್ ಎಂದರೆ ಬಿಲ್ಲು ಬಾಣಗಳೇ. ವಸ್ತು ನಮ್ಮ ಬದುಕಿನಿಂದ ಹೊರಟುಹೋಗಿದೆ, ಹೆಸರು ಮಾತ್ರ ಗೋಡೆಗಳ ಮೇಲೆ ಉಳಿದುಕೊಂಡಿದೆ.

ಈ ಲೇಖನದಲ್ಲಿ ಆ ವಸ್ತುವಿನ ಬಗ್ಗೆ, ಅದರಲ್ಲೂ ಒಂದು ಸಣ್ಣ ಪ್ರಶ್ನೆಯ ಬಗ್ಗೆ ಬರೆಯಬೇಕೆಂದಿದ್ದೇನೆ. ಹದಿನಾಲ್ಕನೇ ಶತಮಾನದ ಕೈರೋ ನಗರದಲ್ಲೋ ಹದಿನೇಳನೇ ಶತಮಾನದ ಇಸ್ತಾಂಬುಲಿನಲ್ಲೋ ಇದ್ದ ಒಬ್ಬ ಸವಾರ ದೊಡ್ಡ ಮೃಗಗಳ ಶಿಕಾರಿಗೆ ಹೊರಡುತ್ತಾನೆ ಎಂದುಕೊಳ್ಳಿ. ಅವನಿಗೊಂದು ಬಿಲ್ಲು ಬೇಕು. ಹೊಸದನ್ನು ಕೊಳ್ಳಬೇಕೇ, ಬೇರೊಬ್ಬರು ಬಳಸಿದ ಹಳೆಯದನ್ನೇ? ಇಂದು ನಾವು ಸೆಕೆಂಡ್ ಹ್ಯಾಂಡ್ ಎಂದರೆ ಮೂಗು ಮುರಿಯುತ್ತೇವೆ. ಬಲ್ಲ ಬಿಲ್ಲುಗಾರ ಹಾಗೆ ಮಾಡುತ್ತಿರಲಿಲ್ಲ. ಹದವಾಗಿ ಪಳಗಿದ ಹಳೆಯ ಬಿಲ್ಲು ಅವನಿಗೆ ಹೊಸದಕ್ಕಿಂತ ಹೆಚ್ಚಿನದಾಗಬಹುದಿತ್ತು. ಆದರೆ ಅದನ್ನು ಪರೀಕ್ಷಿಸಿ ಕೊಳ್ಳುವ ವಿದ್ಯೆ ಗೊತ್ತಿರಬೇಕಿತ್ತು.

ಕಾರಣ ತಿಳಿಯಲು ಆ ಬಿಲ್ಲು ಹೇಗೆ ಆಗುತ್ತಿತ್ತು ಎಂಬುದನ್ನು ನೋಡಬೇಕು. ನಮ್ಮ ಹಬ್ಬದ ನಾಟಕಗಳಲ್ಲಿ ಕಾಣುವ ಬಿದಿರಿನ ಬಿಲ್ಲಿನಂತೆ ಅದು ಒಂದೇ ಕಡ್ಡಿಯದಲ್ಲ. ನಡುವೆ ಮರದ ತೆಳು ತಿರುಳು. ತುರ್ಕರು ಹೆಚ್ಚಾಗಿ ಮೇಪಲ್ ಮರವನ್ನು ಬಳಸುತ್ತಿದ್ದರು. ಬಿಲ್ಲುಗಾರನ ಕಡೆಗಿರುವ ಒಳಮೈಗೆ ಎಮ್ಮೆ ಕೋಣಗಳ ಕೊಂಬಿನ ಪಟ್ಟಿ, ಗುರಿಯ ಕಡೆಗಿರುವ ಹೊರಮೈಗೆ ಎತ್ತಿನ ಕಾಲಿನ ನರವನ್ನು ಜಜ್ಜಿ ಎಳೆಎಳೆಯಾಗಿ ಬಿಡಿಸಿ ಅಂಟಿಸಿದ ಪದರ. ಎಲ್ಲವನ್ನೂ ಹಿಡಿದಿಡುವುದು ಸರೇಸು, ಅಂದರೆ ನರ, ತೊಗಲು ಅಥವಾ ಮೀನಿನ ಗಾಳಿಚೀಲದಿಂದ ಕಾಯಿಸಿ ತೆಗೆದ ಅಂಟು. ಬಿಲ್ಲನ್ನು ಎಳೆದಾಗ ಕೊಂಬು ಒತ್ತಡವನ್ನು ತಾಳುತ್ತದೆ, ನರ ಸೆಳೆತವನ್ನು ತಾಳುತ್ತದೆ. ಮರದ ಕೆಲಸ ಇವೆರಡನ್ನೂ ಅವುಗಳ ಜಾಗದಲ್ಲಿ ಇರಿಸುವುದು. ಹೀಗಾಗಿ ಕುದುರೆಯ ಮೇಲೆ ಎಡಕ್ಕೂ ಬಲಕ್ಕೂ ತಿರುಗಿಸಬಹುದಾದ ಗಿಡ್ಡ ಬಿಲ್ಲಿನಲ್ಲಿ ಆಳೆತ್ತರದ ಮರದ ಬಿಲ್ಲಿನ ಬಲ ಕೂಡಿಬರುತ್ತಿತ್ತು. ಹೆದೆ ಬಿಚ್ಚಿದಾಗ ಅದು ಹಿಮ್ಮುಖವಾಗಿ ಸುರುಳಿಗೊಂಡು ಎರಡು ತುದಿಗಳೂ ಹತ್ತಿರ ಬರುತ್ತಿದ್ದವು.

ಇಂಥ ಒಂದು ಬಿಲ್ಲು ಮುಗಿಯಲು ವರ್ಷ, ಎರಡು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಸಮಯ ಬೇಕಾಗುತ್ತಿತ್ತು. ಒಂದು ಪದರದ ಅಂಟು ಪೂರ್ತಿ ಒಣಗದೆ ಮುಂದಿನ ಪದರಕ್ಕೆ ಕೈ ಹಾಕುವಂತಿರಲಿಲ್ಲ. ಮುಗಿದ ಮೇಲೂ ಹೊಸ ಬಿಲ್ಲು ಹಸಿ ಹುಡುಗನಂತೆ. ಇಂದು ಒಂದು ಆಕಾರ, ನಾಳೆ ಇನ್ನೊಂದು. ಒಂದು ತೋಳು ಹೆಚ್ಚು ಬಾಗುತ್ತದೆ, ಇನ್ನೊಂದು ಬಿಗಿಯಾಗಿರುತ್ತದೆ. ಉಸ್ತಾದ್ ಅದನ್ನು ಬೆಚ್ಚಗೆ ಮಾಡಿ, ತಿದ್ದಿ, ಸ್ವಲ್ಪ ಸ್ವಲ್ಪವೇ ಎಳೆದು ಪಳಗಿಸಬೇಕು. ಅದೆಲ್ಲ ಕಳೆದು, ಕೆಲವು ವರ್ಷ ಬಾಣ ಬಿಟ್ಟು, ಮುರಿಯದೆ ತಿರುಚದೆ ನಿಂತ ಬಿಲ್ಲು ತನ್ನ ಪರೀಕ್ಷೆಯನ್ನು ತಾನೇ ಪಾಸು ಮಾಡಿದಂತೆ.

ಆದರೆ ಹಳೆಯದೆಲ್ಲ ಪಳಗಿದ್ದಲ್ಲ. ಕೊಳ್ಳುವವನು ಮೊದಲು ಹೆದೆ ಇಲ್ಲದ ಬಿಲ್ಲನ್ನು ಕೈಯಲ್ಲಿ ಹಿಡಿದು ತುದಿಯಿಂದ ತುದಿಗೆ ಕಣ್ಣು ಹಾಯಿಸಬೇಕು. ಎರಡು ತೋಳುಗಳೂ ಒಂದೇ ನೇರದಲ್ಲಿವೆಯೇ? ತಿರುಚಿದ ಬಿಲ್ಲಿಗೆ ಹೆದೆ ಏರಿಸಿದರೆ ಅದು ಪಕ್ಕಕ್ಕೆ ಜಾರಿ ಒಮ್ಮೆಲೇ ಮಗುಚುತ್ತದೆ. ಬಿಲ್ಲೂ ಹೋಗುತ್ತದೆ, ಹಿಡಿದವನ ಹಲ್ಲೂ ಹೋಗಬಹುದು. ನಂತರ ಕೊಂಬಿನ ಮೈಯನ್ನು ಬೆಳಕಿಗೆ ಹಿಡಿದು ಬಿರುಕು ಹುಡುಕಬೇಕು. ಕೂದಲೆಳೆಯಷ್ಟು ಅಡ್ಡ ಬಿರುಕಿದ್ದರೂ ದೊಡ್ಡ ಬೇಟೆಗೆ ಅದನ್ನು ನಂಬುವಂತಿಲ್ಲ. ಉಗುರಿನಿಂದ ತಟ್ಟಿದರೆ ಅಂಟು ಬಿಟ್ಟ ಜಾಗ ಟೊಳ್ಳು ಸದ್ದು ಕೊಡುತ್ತದೆ. ಮಾವಿನಕಾಯಿ, ಮಡಕೆ ಕೊಳ್ಳುವಾಗ ನಮ್ಮ ಅಮ್ಮಂದಿರು ಮಾಡುವುದೂ ಇದನ್ನೇ ಅಲ್ಲವೇ? ಕೊಂಬಿಗೂ ನರಕ್ಕೂ ಹುಳದ ಕಾಟವುಂಟು. ಸಣ್ಣ ತೂತು, ಪುಡಿ ಕಂಡರೆ ಒಳಗೆ ಎಷ್ಟು ತಿಂದಿದೆಯೋ ಹೇಳಲಾಗದು. ಹೊರಮೈಯ ತೊಗಲು ಅಥವಾ ಮರದ ತೊಗಟೆಯ ಹೊದಿಕೆ, ಅದರ ಮೇಲಿನ ಬಣ್ಣ, ಹೊನ್ನಿನ ಹೂಬಳ್ಳಿ ಎಲ್ಲವೂ ಚೆಂದಕ್ಕೆ ಮಾತ್ರವಲ್ಲ, ತೇವ ತಡೆಯುವುದಕ್ಕೂ ಹೌದು. ಆದರೆ ಅದೇ ಬಣ್ಣ ದೋಷವನ್ನೂ ಮುಚ್ಚಬಲ್ಲದು. ಹೊಸ ಬಣ್ಣ ಬಳಿದ ಹಳೆಯ ಬಿಲ್ಲನ್ನು ಅನುಮಾನಿಸುವುದೇ ಜಾಣತನ. ಅನೇಕ ಆಟೋಮನ್ ಬಿಲ್ಲುಗಳ ಮೇಲೆ ಮಾಡಿದ ಉಸ್ತಾದರ ಹೆಸರೂ ಹಿಜರಿ ವರ್ಷವೂ ಇರುತ್ತವೆ. ಓದು ಬಲ್ಲವನಿಗೆ ಅದೊಂದು ಜನನ ಪತ್ರವಿದ್ದಂತೆ.

ಕೊನೆಯ ಪರೀಕ್ಷೆ ಬಿಲ್ಲಿನದಲ್ಲ, ಕೊಳ್ಳುವವನ ತೋಳಿನದು. ಬಿಲ್ಲು ಬಿಲ್ಲುಗಾರನ ಹಿಡಿತದಲ್ಲಿರಬೇಕೇ ಹೊರತು ಅವನು ಬಿಲ್ಲಿನ ಹಿಡಿತದಲ್ಲಿರಬಾರದು. ಯುದ್ಧಕ್ಕೆ ಬಳಸಿದ ತುರ್ಕಿ ಬಿಲ್ಲುಗಳಲ್ಲಿ ಪೂರ್ತಿ ಎಳೆಯಲು ಸುಮಾರು 45–50 ಕಿಲೋ ತೂಕ ಎತ್ತುವಷ್ಟು ಬಲ ಬೇಡುವವು ಸಾಮಾನ್ಯ. ಹೆಸರಿಗೆ ಮರುಳಾಗಿ ತನ್ನ ಶಕ್ತಿ ಮೀರಿದ ಬಿಲ್ಲು ಕೊಂಡವನ ಕೈ ನಡುಗುತ್ತದೆ, ಹೆದೆ ಅರ್ಧಕ್ಕೇ ಬಿಟ್ಟುಹೋಗುತ್ತದೆ. ಹೆದೆಯನ್ನು ಎಳೆಯುತ್ತಿದ್ದುದು ಹೆಬ್ಬೆರಳಿನಿಂದ. ಅದಕ್ಕೆ ಜಿಹ್‌ಗೀರ್ ಎಂಬ ಉಂಗುರ ತೊಡುತ್ತಿದ್ದರು. ಶಾಹ್ ಜಹಾನನ ಬಿರುದು ಕೆತ್ತಿದ ಇಂಥದೊಂದು ಉಂಗುರ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ದ್ರೋಣರು ಏಕಲವ್ಯನಿಂದ ಕೇಳಿದ್ದೂ ಹೆಬ್ಬೆರಳನ್ನೇ ಎಂಬುದು ನಿಮಗೆ ನೆನಪಿರಬಹುದು.

ಇಷ್ಟೆಲ್ಲ ಎಚ್ಚರ ಏಕೆ? ಗುರಿ ಹಲಗೆಗೆ ಬಿಡುವ ಬಾಣ ತಪ್ಪಿದರೆ ನಷ್ಟವಿಲ್ಲ. ಕಾಡುಹಂದಿ, ಚಿರತೆಗಳ ಮುಂದೆ ಬಿಲ್ಲು ಮುರಿದರೆ ಬೇಟೆಗಾರನ ಜೀವಕ್ಕೇ ಸಂಚಕಾರ. ಸೋತ ಬಿಲ್ಲಿನ ಬಾಣ ಜಿಂಕೆಗೋ ನೀಲಗಾಯಿಗೋ ಆಳಕ್ಕೆ ಇಳಿಯದಿದ್ದರೆ ಆ ಪ್ರಾಣಿ ಗಾಯ ಹೊತ್ತು ಪೊದೆ ಸೇರಿ ದಿನಗಟ್ಟಲೆ ನರಳುತ್ತದೆ. ಮುಸಲ್ಮಾನ ಬೇಟೆಗಾರನಿಗೆ ಇದು ಹಲಾಲಿನ ಪ್ರಶ್ನೆಯೂ ಆಗಿತ್ತು. ಔದಾರ್ಯಕ್ಕೆ ಹೆಸರಾದ ಹಾತಿಮ್ ತಾಯಿಯ ಕಥೆ ನಿಮಗೆ ಗೊತ್ತು. ಅವರ ಮಗ ಹ. ಅದೀ ಬಿನ್ ಹಾತಿಮ್ (ರ) ಬೇಟೆಯ ಬಗ್ಗೆ ಪ್ರವಾದಿ ಮುಹಮ್ಮದ್ (ಸ) ಅವರನ್ನು ಪ್ರಶ್ನೆಗಳ ಮೇಲೆ ಪ್ರಶ್ನೆ ಕೇಳಿದವರು. ಆ ಉತ್ತರಗಳು ಬುಖಾರಿ ಮತ್ತು ಮುಸ್ಲಿಂ ಹದೀಸ್ ಸಂಗ್ರಹಗಳಲ್ಲಿವೆ. ಅಲ್ಲಾಹನ ಹೆಸರು ಹೇಳಿ ಎಸೆದದ್ದು ಮೊನೆಯಿಂದ ಚುಚ್ಚಿ ಕೊಂದರೆ ತಿನ್ನಬಹುದು. ಅಡ್ಡವಾಗಿ ಬಡಿದು ಕೊಂದರೆ ತಿನ್ನಬಾರದು. ಗಾಯಗೊಂಡು ಓಡಿದ ಬೇಟೆ ಮರುದಿನ ಸಿಕ್ಕಿ, ಅದರಲ್ಲಿ ನಿಮ್ಮ ಬಾಣದ ಗುರುತು ಮಾತ್ರ ಇದ್ದರೆ ತಿನ್ನಬಹುದು. ನೀರಿಗೆ ಬಿದ್ದು ಸತ್ತಿದ್ದರೆ ಬೇಡ, ಏಕೆಂದರೆ ಕೊಂದದ್ದು ಬಾಣವೋ ನೀರೋ ತಿಳಿಯದು. ಅಂದರೆ ಬಾಣದ ಮೊನೆ ತನ್ನ ಕೆಲಸವನ್ನು ತಾನೇ ಮಾಡಬೇಕು. ಮಂದ ಮೊನೆ, ಸತ್ತ ಬಿಲ್ಲು ಹಿಡಿದು ಹೊರಟವನು ಈ ಷರತ್ತನ್ನು ಪೂರೈಸುವುದು ಹೇಗೆ? ಜೀವಂತ ಪ್ರಾಣಿಯನ್ನು ಕಟ್ಟಿ ಗುರಿ ಅಭ್ಯಾಸ ಮಾಡುವುದನ್ನೂ ಪ್ರವಾದಿಯವರು (ಸ) ನಿಷೇಧಿಸಿದ್ದರು.

ಈ ವಿದ್ಯೆ ಬಾಯಿಮಾತಿನಲ್ಲೇ ಉಳಿಯಲಿಲ್ಲ, ಪುಸ್ತಕವೂ ಆಯಿತು. ಈಜಿಪ್ಟಿನ ಮಮ್ಲೂಕರ ಸೇವೆಯಲ್ಲಿದ್ದ ತೈಬುಗಾ ಎಂಬವರು 1368ರ ಸುಮಾರಿಗೆ ಅರಬಿಯಲ್ಲಿ ಬಿಲ್ವಿದ್ಯೆಯ ಗ್ರಂಥವೊಂದನ್ನು ಬರೆದರು. ಅದರ ಹೆಸರು ಗುನ್ಯತುತ್ ತುಲ್ಲಾಬ್ ಎಂದು ಆರಂಭವಾಗುತ್ತದೆ. ತುಲ್ಲಾಬ್ ಎಂದರೆ ವಿದ್ಯಾರ್ಥಿಗಳು. ಬಿಲ್ಲು ಹಿಡಿಯುವವನನ್ನು ಆ ಲೇಖಕರು ಮೊದಲು ವಿದ್ಯಾರ್ಥಿ ಎಂದೇ ಕಂಡರು ಎಂಬುದು ಶಿಕ್ಷಕನಾದ ನನಗೆ ಬಹಳ ಹಿಡಿಸಿದ ಸಂಗತಿ. ಲೇಥಮ್ ಮತ್ತು ಪ್ಯಾಟರ್ಸನ್ ಎಂಬಿಬ್ಬರು 1970ರಲ್ಲಿ ಅದನ್ನು ಇಂಗ್ಲಿಷಿಗೆ ತಂದಿದ್ದಾರೆ.

ನಮ್ಮ ನೆಲಕ್ಕೂ ಈ ವಿದ್ಯೆಯ ನಂಟುಂಟು. ವಿಜಯನಗರದ ಇಮ್ಮಡಿ ದೇವರಾಯ ಬಹಮನಿಗಳ ಮುಂದೆ ತನ್ನ ಸೇನೆ ಸೋಲುವುದೇಕೆ ಎಂದು ವಿಚಾರಿಸಿದಾಗ ಎರಡು ಕಾರಣಗಳು ಬಂದವು ಎಂದು ಇತಿಹಾಸಕಾರ ಫಿರಿಸ್ತಾ ಬರೆಯುತ್ತಾರೆ: ಅವರ ಕುದುರೆಗಳು, ಅವರ ಬಿಲ್ಲುಗಾರರು. ದೇವರಾಯ ಮುಸಲ್ಮಾನರನ್ನು ಸೇನೆಗೆ ಸೇರಿಸಿಕೊಂಡು ಜಾಗೀರು ಕೊಟ್ಟ, ಮಸೀದಿ ಕಟ್ಟಿಸಿದ, ತನ್ನ ಸಿಂಹಾಸನದ ಮುಂದೆ ಕುರ್‌ಆನ್ ಇರಿಸಿದ, ತನ್ನ ಹಿಂದೂ ಸೈನಿಕರಿಗೆ ಬಿಲ್ವಿದ್ಯೆ ಕಲಿಸಲು ಏರ್ಪಾಡು ಮಾಡಿದ. ಕಡೆಗೆ 2,000 ಮುಸ್ಲಿಮರೂ 60,000 ಹಿಂದೂಗಳೂ ಪಳಗಿದ ಬಿಲ್ಲುಗಾರರಾದರು ಎಂಬುದು ಫಿರಿಸ್ತಾ ಕೊಡುವ ಲೆಕ್ಕ. ಅಂಕಿಗಳನ್ನು ಹಳೆಯ ಇತಿಹಾಸಕಾರರ ಧಾರಾಳತನದ ಜೊತೆ ಓದಿಕೊಳ್ಳಿ. ಆದರೆ ಅದೇ ದೊರೆಯ ಅಧಿಕಾರಿ ಅಹಮದ್ ಖಾನ್ 1439ರಲ್ಲಿ ಕಟ್ಟಿಸಿದ ಮಸೀದಿ ಹಂಪಿಯಲ್ಲಿ ಇಂದಿಗೂ ನಿಂತಿದೆ, ಅದರ ಶಾಸನ ಕನ್ನಡದಲ್ಲಿದೆ. ಶಾಲಾ ಪ್ರವಾಸಕ್ಕೆ ಹಂಪಿಗೆ ಹೋದಾಗ ಮಹಾನವಮಿ ದಿಬ್ಬದ ಕಲ್ಲುಗಳ ಮೇಲಿನ ಬೇಟೆಯ ದೃಶ್ಯಗಳನ್ನೂ ನಿಧಾನವಾಗಿ ನೋಡಿ ಬನ್ನಿ.

ಹಿಂದೂಸ್ಥಾನದಲ್ಲಿ ಕೊಂಬಿನ ಬಿಲ್ಲಿಗೆ ಇದ್ದ ದೊಡ್ಡ ಶತ್ರು ನಮ್ಮ ಮಳೆಗಾಲ. ತೇವಕ್ಕೆ ಸರೇಸು ಮೆತ್ತಗಾಗುತ್ತದೆ, ನರ ಸಡಿಲವಾಗುತ್ತದೆ. ಇಲ್ಲಿ ಹಳೆಯ ಬಿಲ್ಲು ಕೊಳ್ಳುವವನು ಅದು ಎಷ್ಟು ಮಳೆಗಾಲ ಕಂಡಿದೆ, ಎಲ್ಲಿ ಇಟ್ಟಿದ್ದರು ಎಂದು ಕೇಳಲೇಬೇಕಿತ್ತು. ಮೊಗಲರ ಕಾಲದಲ್ಲಿ ಪೂರ್ತಿ ಉಕ್ಕಿನ ಬಿಲ್ಲುಗಳು ಹುಟ್ಟಿಕೊಂಡದ್ದರ ಹಿಂದೆಯೂ ಈ ತೊಂದರೆ ಇದೆ. ಅವು ಶಸ್ತ್ರಾಗಾರದಲ್ಲಿ ವರ್ಷಗಟ್ಟಲೆ ಕೆಡದೆ ಇರುತ್ತಿದ್ದವು, ಆದರೆ ಬಾಣಕ್ಕೆ ಕೊಂಬಿನ ಬಿಲ್ಲಿನ ವೇಗ ಕೊಡುತ್ತಿರಲಿಲ್ಲ.

ಅಷ್ಟರಲ್ಲಿ ಕೋವಿ ಬಂದಿತ್ತು. 1567ರಲ್ಲಿ ಲಾಹೋರ್ ಬಳಿ ನಡೆದ ಕಮರ್ಗಾ ಎಂಬ ಸುತ್ತುಗಟ್ಟಿದ ಬೇಟೆಯಲ್ಲಿ ಅಕ್ಬರ್ ಐದು ದಿನ ಬಾಣ, ಕತ್ತಿ, ಈಟಿ, ಕೋವಿ ಎಲ್ಲವನ್ನೂ ಬಳಸಿದ. ಮಗ ಜಹಾಂಗೀರ್ ತನ್ನ ಆತ್ಮಕಥೆಯಲ್ಲಿ ಲೆಕ್ಕವನ್ನೇ ಬರೆಸಿದ್ದಾನೆ: 1616ರ ಹೊತ್ತಿಗೆ ಒಟ್ಟು 28,532 ಪ್ರಾಣಿಪಕ್ಷಿಗಳ ಬೇಟೆ, ಅದರಲ್ಲಿ 17,167 ತನ್ನ ಕೈಯಾರೆ. ಅವನ ಅಚ್ಚುಮೆಚ್ಚಿನ ಆಯುಧ ಕೋವಿಯೇ. ನಂತರ ಮೊಮ್ಮಗ ಶುಜಾ ಕಾಯಿಲೆ ಬಿದ್ದಾಗ ಇನ್ನು ಕೈಯಾರೆ ಕೊಲ್ಲುವುದಿಲ್ಲ ಎಂದು ಹರಕೆ ಹೊತ್ತ, ಕೆಲವು ವರ್ಷಗಳ ಮೇಲೆ ಅದನ್ನು ಮುರಿದ. ಒಂದು ಜೀವಕ್ಕೆ ಒಂದು ಚೆನ್ನಾದ ಬಾಣ ಎಂಬ ಎಣಿಕೆ ಇಂಥ ಲೆಕ್ಕದ ಪುಸ್ತಕದಲ್ಲಿ ಎಲ್ಲಿ ಉಳಿದೀತು?

ತುರ್ಕಿಯಲ್ಲಿ ಬಿಲ್ಲು ಯುದ್ಧದಿಂದ ಹೊರಬಿದ್ದ ಮೇಲೂ ಇಸ್ತಾಂಬುಲಿನ ಓಕ್‌ಮೈದಾನಿನಲ್ಲಿ ದೂರ ಬಾಣದ ಸ್ಪರ್ಧೆಯಾಗಿ ಬಹುಕಾಲ ಬದುಕಿತ್ತು. ಎರಡನೇ ಮಹಮೂದ್ ಸುಲ್ತಾನರ ಅಪೇಕ್ಷೆಯಂತೆ ಮುಸ್ತಫಾ ಕಾನಿ ಎಂಬವರು ಆ ವಿದ್ಯೆಯನ್ನೆಲ್ಲ ಒಂದು ಪುಸ್ತಕದಲ್ಲಿ ಸಂಗ್ರಹಿಸಿದರು. 1847ರಲ್ಲಿ ಅದು ಅಚ್ಚಾಯಿತು. ಆಮೇಲೆ ಉಸ್ತಾದರು ಒಬ್ಬೊಬ್ಬರಾಗಿ ತೀರಿಕೊಂಡರು, ಶಾಗಿರ್ದರು ಬರಲಿಲ್ಲ. ಹಳೆಯ ಬಿಲ್ಲುಗಳು ಉಳಿದವು, ಅವನ್ನು ಓದಬಲ್ಲವರು ಉಳಿಯಲಿಲ್ಲ.

ಇದರ ಫಲ ಏನೆಂಬುದನ್ನು ಅಮೆರಿಕದ ಒಂದು ಪ್ರಸಂಗ ತೋರಿಸುತ್ತದೆ. 1911ರಲ್ಲಿ ಕ್ಯಾಲಿಫೋರ್ನಿಯಾದ ಕಾಡಿನಿಂದ ಹೊರಬಂದ ಇಶಿ ಎಂಬ ಆದಿವಾಸಿಯಿಂದ ಸ್ಯಾಕ್ಸ್ಟನ್ ಪೋಪ್ ಎಂಬ ವೈದ್ಯರು ಬಿಲ್ವಿದ್ಯೆ ಕಲಿತರು. ಮುಂದೆ ಅವರು ಬಿಲ್ಲಿನಿಂದಲೇ ಕರಡಿ, ಸಿಂಹಗಳನ್ನು ಬೇಟೆಯಾಡಿ ಹೆಸರಾದರು. ಮ್ಯೂಸಿಯಂಗಳಲ್ಲಿದ್ದ ನಾನಾ ದೇಶಗಳ ಹಳೆಯ ಬಿಲ್ಲುಗಳಿಂದ ಬಾಣ ಬಿಟ್ಟು ನೋಡಿ 1923ರಲ್ಲಿ ವರದಿಯನ್ನೂ ಪ್ರಕಟಿಸಿದರು. ಆ ಪರೀಕ್ಷೆಯಲ್ಲಿ ಇಂಗ್ಲಿಷರ ಉದ್ದ ಬಿಲ್ಲಿಗೇ ಹೆಚ್ಚು ಮೆಚ್ಚುಗೆ ಸಿಕ್ಕಿತು. ಪೋಪ್ ಶ್ರದ್ಧೆಯ ಮನುಷ್ಯ, ಅನುಮಾನವಿಲ್ಲ. ಆದರೆ ಕಪಾಟಿನಲ್ಲಿ ದಶಕಗಟ್ಟಲೆ ಮಲಗಿದ್ದ ಕೊಂಬಿನ ಬಿಲ್ಲಿನಿಂದ ಅದರ ಯೌವನದ ಬಲವನ್ನು ಅಳೆಯುವುದು ನ್ಯಾಯವಲ್ಲ. 1934ರಲ್ಲಿ ಪಾಲ್ ಕ್ಲಾಪ್‌ಸ್ಟೆಗ್ ಎಂಬ ಭೌತವಿಜ್ಞಾನಿ ಮುಸ್ತಫಾ ಕಾನಿಯವರ ಪುಸ್ತಕದ ಆಧಾರದ ಮೇಲೆ ತುರ್ಕಿ ಬಿಲ್ಲಿನ ಬಗ್ಗೆ ಬರೆದ ಮೇಲೆ ಪಶ್ಚಿಮದವರಿಗೆ ಅದರ ನಿಜವಾದ ಯೋಗ್ಯತೆ ತಿಳಿಯತೊಡಗಿತು.

ಇಂದು ತುರ್ಕಿಯಲ್ಲೂ ಬೇರೆ ದೇಶಗಳಲ್ಲೂ ಕೆಲವರು ಹಳೆಯ ಕ್ರಮದಲ್ಲೇ ಬಿಲ್ಲು ಮಾಡುತ್ತಿದ್ದಾರೆ. 2019ರಲ್ಲಿ ಯುನೆಸ್ಕೋ ತುರ್ಕಿಯ ಸಾಂಪ್ರದಾಯಿಕ ಬಿಲ್ವಿದ್ಯೆಯನ್ನು ಮಾನವ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಪ್ರಾಣಿಗಳ ಬೇಟೆ ಅಪರಾಧ. ಅದು ಒಳ್ಳೆಯದೇ. ಹಾಗಾಗಿ ಇಲ್ಲಿ ಹಳೆಯ ಬಿಲ್ಲನ್ನು ಯಾರೂ ಶಿಕಾರಿಗೆ ಕೊಳ್ಳುವ ಮಾತಿಲ್ಲ. ಆದರೆ ಹಳೆಯ ಮನೆತನಗಳ ಅಟ್ಟದ ಮೇಲೆ, ದರ್ಗಾಗಳ ಪೆಟ್ಟಿಗೆಗಳಲ್ಲಿ ಕತ್ತಿ ಗುರಾಣಿಗಳ ಜೊತೆ ಇಂಥದೊಂದು ಸಿಕ್ಕರೆ ದಯವಿಟ್ಟು ಅವಸರ ಮಾಡಬೇಡಿ. ಎಣ್ಣೆ, ವಾರ್ನಿಶ್ ಹಚ್ಚಬೇಡಿ, ನೀರಿನ ಬಟ್ಟೆಯಿಂದ ಒರೆಸಬೇಡಿ, ಹಗ್ಗ ಕಟ್ಟಿ ಎಳೆದು ನೋಡಬೇಡಿ. ಅದು ಬಾಗಿರುವ ದಿಕ್ಕು ಹೆದೆ ಏರಿಸುವ ದಿಕ್ಕಲ್ಲ, ಅದರ ವಿರುದ್ಧ ದಿಕ್ಕು. ಇದು ತಿಳಿಯದೆ ಉಲ್ಟಾ ಹೆದೆ ಕಟ್ಟಿದ ಬಿಲ್ಲುಗಳನ್ನು ಮ್ಯೂಸಿಯಂಗಳಲ್ಲೇ ಪ್ರದರ್ಶನಕ್ಕಿಟ್ಟದ್ದುಂಟು. ತೊಗಲಿನ ಮೇಲೆ ಅಕ್ಷರಗಳಿದ್ದರೆ ಫೋಟೋ ತೆಗೆಯಿರಿ. ನಿಮ್ಮೂರಿನಲ್ಲಿ ಫಾರ್ಸಿ ಅಥವಾ ಅರಬಿ ಓದಬಲ್ಲ ಹಿರಿಯರಿಗೆ ತೋರಿಸಿ, ಮೊದಲು ಉಸ್ತಾದರ ಹೆಸರನ್ನೂ ಆಮೇಲೆ ಹಿಜರಿ ವರ್ಷವನ್ನೂ ಓದಿಸಿ ಬರೆದಿಟ್ಟುಕೊಳ್ಳಿ.