ಪ್ಲೇಗು ಕಟ್ಟಿಸಿದ ಬಡಾವಣೆಗಳು

ಎರಡು ತಿಂಗಳಾಯ್ತು, ಇಲ್ಲಿ ಒಂದಕ್ಷರ ಬರೆದಿಲ್ಲ. ಕಾರಣ ಸೈಟು! ಇದುವರೆಗೆ ಬಾಡಿಗೆ ಮನೆಗಳಲ್ಲೇ ಬದುಕಿದ ನಮ್ಮನೆಯವರಿಗೆ ಮೈಸೂರಿನಲ್ಲೊಂದು ಸ್ವಂತ ಮನೆ ಮಾಡಿಕೊಳ್ಳೋ ಕಾಲ ಈಗ ಬಂದಿದೆ. ಬ್ಯಾಂಕಿನವರು ನನ್ನ ಸಂಬಳ ನೋಡಿ ಸಾಲ ಕೊಡ್ತೀವಿ ಅಂದ ದಿನದಿಂದ ಪ್ರತಿ ಭಾನುವಾರ ಅಪ್ಪ, ಅಮ್ಮ, ನಾನು, ಜೊತೆಗೊಬ್ಬ ಬ್ರೋಕರು... ಇದೇ ಸವಾರಿ.

ರಿಂಗ್ ರೋಡಿನಾಚೆ ಒಂದು ಸೈಟು ನನಗೆ ತುಂಬಾ ಹಿಡಿಸಿತ್ತು. ಆಫೀಸಿಗೆ ಹದಿನೈದೇ ನಿಮಿಷ, ರೇಟೂ ಪರವಾಗಿಲ್ಲ. ಅಪ್ಪನನ್ನು ಕೇಳದೆ ಇಪ್ಪತ್ತೈದು ಸಾವಿರ ಟೋಕನ್ ಅಡ್ವಾನ್ಸು ಕೊಟ್ಟುಬಿಟ್ಟೆ. ಮುಂದಿನ ಭಾನುವಾರ ಅಪ್ಪನನ್ನು ಕರಕೊಂಡು ಹೋದರೆ ಅವರು ಸೈಟಿನ ಅಳತೆ, ದಿಕ್ಕು, ವಾಸ್ತು ಏನೂ ಕೇಳಲಿಲ್ಲ. ಹಿಂದುಗಡೆಗೆ ನಡಕೊಂಡು ಹೋಗಿ ನಿಂತು, "ಇಲ್ಲಿಯ ಮಳೆನೀರು ಎತ್ತಕಡೆ ಹೋಗುತ್ತಪ್ಪಾ?" ಅಂದರು. ಬ್ರೋಕರು ನಕ್ಕು, "ಅದೆಲ್ಲ ಸೆಟ್ ಆಗುತ್ತೆ ಸಾರ್, ಏರಿಯಾ ನೋಡಿ, ಎಲ್ಲಾ ಒಳ್ಳೆ ಜನ" ಅಂದ.

ಅಪ್ಪ ಬೆಳೆದದ್ದು ಅಗ್ರಹಾರದ ಹತ್ತಿರದ ಒಂದು ವಠಾರದಲ್ಲಿ. ಮನೆಯ ಮುಂದೊಂದು ರಸ್ತೆ, ಹಿಂದೊಂದು ಕಿರಿದಾದ ಗಲ್ಲಿ. ಮೈಸೂರಿನವರು ಇದನ್ನು ಕನ್ಸರ್ವೆನ್ಸಿ ಅಂತಲೇ ಕರೆಯೋದು. ಆ ಗಲ್ಲಿ ಯಾಕಿತ್ತು ಅಂತ ನಾನು ಯಾವತ್ತೂ ಯೋಚಿಸಿರಲಿಲ್ಲ. ಆ ದಿನ ರಾತ್ರಿ ಕುತೂಹಲಕ್ಕೆ ಓದೋಕೆ ಕೂತವನು ಮೈಸೂರಿನ ಪ್ಲೇಗಿನವರೆಗೆ ಹೋಗಿಬಿಟ್ಟೆ.

1896ರಲ್ಲಿ ಮುಂಬಯಿಗೆ ಬಂದ ಪ್ಲೇಗು 1898ರಲ್ಲಿ ನಮ್ಮ ಸಂಸ್ಥಾನಕ್ಕೆ ಕಾಲಿಟ್ಟಿತು. ಜನಗಣತಿಯ ಎರಡು ಅಂಕಿ ನೋಡಿ: 1891ರಲ್ಲಿ ಮೈಸೂರು ನಗರದ ಜನಸಂಖ್ಯೆ 74,048. 1901ರಲ್ಲಿ 68,111. ಊರು ಬೆಳೆಯಬೇಕಾದ ಹತ್ತು ವರ್ಷದಲ್ಲಿ ಆರು ಸಾವಿರ ಜನ ಕಡಿಮೆ! ಸತ್ತವರು ಎಷ್ಟೋ, ಊರು ಬಿಟ್ಟು ಓಡಿದವರು ಎಷ್ಟೋ. 1911ರಲ್ಲೂ ಅದು 71,306. ಅಂದರೆ ಇಪ್ಪತ್ತು ವರ್ಷವಾದರೂ ಊರು ಹಳೆಯ ಲೆಕ್ಕಕ್ಕೆ ಮರಳಿರಲಿಲ್ಲ.

ಆಗಿನ ಮೈಸೂರು ಈಗ ನಾವು ಹೊಗಳುವ ಅಗಲ ರಸ್ತೆಗಳ ಮೈಸೂರಲ್ಲ. ಕೋಟೆಯೊಳಗೇ ಅರಮನೆಗೆ ಒತ್ತಿಕೊಂಡ ಹಾಗೆ ಮನೆಗಳಿದ್ದವು. ಹೊರಗೆ ಇಕ್ಕಟ್ಟಾದ ಕೇರಿಗಳು, ನಿಂತ ನೀರು. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ದಿವಾನ್ ಪೂರ್ಣಯ್ಯನವರು ಕಾವೇರಿ ನೀರು ತರೋಕೆ ಅಂತ ಊರಿಗೆ ನಾಲೆ ತೋಡಿಸಿದ್ದರು. ಅದರಲ್ಲಿ ಕಾವೇರಿ ಬರಲಿಲ್ಲ, ಊರಿನ ಕೊಳೆ ಹರಿಯಿತು. ಆ ಶತಮಾನದ ಕೊನೆಯ ಹೊತ್ತಿಗೆ ಅದನ್ನು ಮುಚ್ಚಿ ಮೇಲೊಂದು ಅಗಲವಾದ ರಸ್ತೆ ಮಾಡಿದರು. ಅದೇ ನಮ್ಮ ಸಯ್ಯಾಜಿರಾವ್ ರಸ್ತೆ. ದಸರಾದಲ್ಲಿ ಜಂಬೂ ಸವಾರಿ ಸಾಗೋದು ಒಂದು ಹಳೇ ಚರಂಡಿಯ ಮೇಲೆ ಅಂದರೆ ನಂಬ್ತೀರಾ? :-)

ಪ್ಲೇಗು ಬಂದ ಮೇಲೆ ತೇಪೆ ಹಾಕಿದರೆ ಸಾಲದು ಅಂತ ಸರಕಾರಕ್ಕೆ ಅರ್ಥವಾಯಿತು. ಮುಂಬಯಿಯಲ್ಲಿ 1898ರಲ್ಲೇ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತ್ತು. ಮೈಸೂರಿಗೆ 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಬಂತು. ಹಳಬರ ಬಾಯಲ್ಲಿ ಸಿಐಟಿಬಿ. ಬೆಂಗಳೂರಿಗೆ ಇಂಥದ್ದೇ ಬೋರ್ಡು ಬಂದದ್ದು 1945ರಲ್ಲಿ! ನಲವತ್ತು ವರ್ಷ ಮುಂಚೆಯೇ ಮೈಸೂರಿನಲ್ಲಿ ಇಕ್ಕಟ್ಟಿನ ಮನೆಗಳನ್ನು ಕೆಡವಿ ಗಾಳಿ-ಬೆಳಕಿಗೆ ದಾರಿ ಮಾಡೋದು, ಚರಂಡಿ ಹಾಕೋದು, ಊರಾಚೆ ಹೊಸ ಬಡಾವಣೆ ಮಾಡೋದು ಒಂದು ಸಂಸ್ಥೆಯ ಕೆಲಸವಾಗಿತ್ತು. ಚಾಮರಾಜಪುರಂ, ಲಕ್ಷ್ಮೀಪುರಂ, ವಾಣಿವಿಲಾಸ ಮೊಹಲ್ಲಾಗಳಲ್ಲಿ ಓಡಾಡಿದರೆ ಇದು ಈಗಲೂ ಕಾಣುತ್ತೆ. ನೇರ ರಸ್ತೆ, ಮನೆಯ ಸುತ್ತ ಜಾಗ, ಹಿಂದೊಂದು ಗಲ್ಲಿ.

ಇದರಲ್ಲಿ ಒಂದು ತಮಾಷೆ ಇದೆ. ಪ್ಲೇಗಿನ ಕ್ರಿಮಿಯನ್ನು ಯೆರ್ಸಿನ್ ಎಂಬಾತ 1894ರಲ್ಲೇ ಹಾಂಗ್‌ಕಾಂಗಿನಲ್ಲಿ ಕಂಡುಹಿಡಿದಿದ್ದ. ಇಲಿಯ ಮೈಮೇಲಿನ ಚಿಗಟದಿಂದ ಅದು ಹರಡುತ್ತೆ ಅಂತ 1898ರಲ್ಲಿ ಸಿಮಂಡ್ ಹೇಳಿದ. ಆದರೆ ಅವನ ಮಾತನ್ನು ಜಗತ್ತು ಒಪ್ಪೋಕೆ ಇನ್ನೂ ಕೆಲವು ವರ್ಷ ಬೇಕಾಯಿತು. ಅಲ್ಲಿಯವರೆಗೆ ಎಲ್ಲರ ಅನುಮಾನ ಕೊಳೆ, ತೇವ, ಕೆಟ್ಟ ಗಾಳಿಯ ಮೇಲೆ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದ್ರೆ, ಬಗ್ ಯಾವುದು ಅಂತ ಸರಿಯಾಗಿ ಗೊತ್ತಿಲ್ಲದೆ ಹಾಕಿದ ಫಿಕ್ಸು. ಆದರೂ ಕೆಲಸ ಮಾಡಿತು. ಯಾಕಂದ್ರೆ ಬೆಳಕು ಬರುವ, ಕೊಳೆ ನಿಲ್ಲದ ಮನೆಯಲ್ಲಿ ಇಲಿಗೂ ಜಾಗ ಕಡಿಮೆ.

ಇನ್ನು ಆ ಹಿಂದಿನ ಗಲ್ಲಿ. ಅದರ ಕಥೆ ಓದಿದಾಗ ನನಗೆ ಅಪ್ಪನ ಬಾಲ್ಯದ ನೆನಪುಗಳೇ ಬೇರೆ ಥರ ಕಾಣಿಸಿದವು. ಒಳಚರಂಡಿ ಇಲ್ಲದ ಕಾಲದಲ್ಲಿ ಕಕ್ಕಸು ಮನೆಯ ಹಿಂದಿರುತ್ತಿತ್ತು. ಅದನ್ನು ಬಳಿದು ತಲೆಯ ಮೇಲೆ ಹೊತ್ತು ಸಾಗಿಸುವವರು ಮುಂದಿನ ರಸ್ತೆಗೆ ಬಾರದೆ, ಯಾರ ಕಣ್ಣಿಗೂ ಬೀಳದೆ ಹೋಗಲಿ ಅಂತಲೇ ಆ ದಾರಿ. ಕರ್ನಾಟಕದಲ್ಲಿ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ್ದು 1970ರ ದಶಕದಲ್ಲಿ, ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ. ಗಲ್ಲಿಗಳು ಮಾತ್ರ ಹಾಗೇ ಉಳಿದವು.

ಊರಿನ ನಕ್ಷೆಯಲ್ಲೂ ಇದೇ ಗೆರೆ ಇದೆ. ಒಂದು ಕಡೆ ಅಗ್ರಹಾರ, ಇನ್ನೊಂದು ಕಡೆ ಆದಿಕರ್ನಾಟಕಪುರ, ಅಂದರೆ ಈಗಿನ ಅಶೋಕಪುರಂ. ಯಾರು ಎಲ್ಲಿರಬೇಕು ಅನ್ನೋದನ್ನು ಜಾತಿ ಮೊದಲೇ ತೀರ್ಮಾನಿಸಿತ್ತು. ಬ್ರೋಕರಿನ "ಒಳ್ಳೆ ಜನ" ಅನ್ನೋ ಮಾತು ಎಲ್ಲಿಂದ ಬಂತು ಅಂತ ಆಗ ಹೊಳೆಯಿತು. ನಾಚಿಕೆಯಾಯಿತು, ಯಾಕಂದ್ರೆ ಅವನು ಅಂದಾಗ ನಾನೂ ತಲೆಯಾಡಿಸಿದ್ದೆ.

ಸಿಐಟಿಬಿ ಎಂಬತ್ತೈದು ವರ್ಷ ಬಾಳಿತು. ಸರಸ್ವತಿಪುರಂ, ಕುವೆಂಪುನಗರದಂಥ ಬಡಾವಣೆಗಳೆಲ್ಲ ಅದರ ಕಾಲದವು. 1987ರ ನಗರಾಭಿವೃದ್ಧಿ ಪ್ರಾಧಿಕಾರಗಳ ಕಾಯ್ದೆಯ ನಂತರ 1988ರಲ್ಲಿ ಅದರ ಜಾಗಕ್ಕೆ ಮುಡಾ ಬಂತು. ಅಷ್ಟರಲ್ಲಿ ಊರು ಯಾವ ಬೋರ್ಡಿಗೂ ಕಾಯದೆ ಬೆಳೆಯೋಕೆ ಶುರುವಾಗಿತ್ತು. 2011ರ ಜನಗಣತಿಯಲ್ಲಿ ಸುಮಾರು ಒಂಬತ್ತು ಲಕ್ಷ ಜನ. ಗೃಹ ನಿರ್ಮಾಣ ಸಂಘಗಳು, ಖಾಸಗಿ ಲೇಔಟುಗಳು, ಹೊಲವನ್ನೇ ಕತ್ತರಿಸಿ ಮಾರಿದ ರೆವಿನ್ಯೂ ಸೈಟುಗಳು. ಪ್ಲೇಗಿನ ನಂತರದವರು ಮೊದಲು ಚರಂಡಿ, ಆಮೇಲೆ ಮನೆ ಅಂದಿದ್ದರು. ಈಗ ಮೊದಲು ಸೈಟು, ಆಮೇಲೆ ಮನೆ, ಚರಂಡಿ ದೇವರಿಗೆ ಬಿಟ್ಟದ್ದು. 2025ರಲ್ಲಿ ಸರಕಾರ ಅನಧಿಕೃತ ಬಡಾವಣೆಗಳ ಆಸ್ತಿಗೂ ಬಿ-ಖಾತಾ ಕೊಡತೊಡಗಿತು. ಕಾಗದ ಸಿಕ್ಕಿತು, ಸರಿ. ಆದರೆ ಕಾಗದ ನೋಡಿ ನೀರು ದಾರಿ ಬದಲಿಸುತ್ತಾ?

ಹಳೆಯ ಹೆಸರುಗಳಾದರೂ ಗುಟ್ಟು ಬಿಟ್ಟುಕೊಡುತ್ತವೆ. ಸುಬ್ಬರಾಯನಕೆರೆ, ಜೀವರಾಯನಕಟ್ಟೆ, ಈಗ ವಸ್ತುಪ್ರದರ್ಶನ ನಡೆಯೋ ದೊಡ್ಡಕೆರೆ ಮೈದಾನ... ಮೂರೂ ಒಂದು ಕಾಲಕ್ಕೆ ನೀರು. ಒಂಟಿಕೊಪ್ಪಲು, ಕುಂಬಾರಕೊಪ್ಪಲು ಅಂದರೆ ಊರು ನುಂಗುವ ಮೊದಲು ಅವು ಹಳ್ಳಿಗಳು. ಕುವೆಂಪು ಅವರ 'ಉದಯರವಿ' ಇರೋದು ಆ ಒಂಟಿಕೊಪ್ಪಲಿನಲ್ಲೇ. ಹೊಸ ಲೇಔಟುಗಳಿಗೆ ಇಂಥ ಹೆಸರಿಲ್ಲ, ಎಲ್ಲಾ ಎನ್‌ಕ್ಲೇವು, ಗಾರ್ಡನ್ನು. ಕೆರೆ ಇತ್ತೋ ಹಳ್ಳ ಇತ್ತೋ ಹೇಳೋರ್ಯಾರು?

ಹೇಳೋದು ಒಂದಿದೆ, ಹಳೇ ಗ್ರಾಮ ನಕ್ಷೆ. ಸರಕಾರದ ದಿಶಾಂಕ್ ಆ್ಯಪಿನಲ್ಲಿ ನಿಂತ ಜಾಗದ ಸರ್ವೆ ನಂಬರು ಸಿಗುತ್ತೆ. ಆ ನಂಬರು ಹಿಡಿದು ಗ್ರಾಮ ನಕ್ಷೆ ನೋಡಿದರೆ ಹಳ್ಳ, ಕೆರೆ, ಬಂಡಿದಾರಿ ಎಲ್ಲ ಗೆರೆಗಳಲ್ಲಿವೆ. ನಾನು ಟೋಕನ್ ಕೊಟ್ಟ ಸೈಟನ್ನು ಹುಡುಕಿದೆ. ಹಿಂದುಗಡೆ ಅಪ್ಪ ನಿಂತಿದ್ದ ಜಾಗದಲ್ಲೇ ಒಂದು ಹಳ್ಳದ ಗೆರೆ, ಸೀದಾ ಪಕ್ಕದ ಕೆರೆಗೆ! ಆ ವಾರವೇ ಜೋರು ಮಳೆ ಬಂತು. ಬೈಕಿನಲ್ಲಿ ಹೋಗಿ ನೋಡಿದೆ. ಸೈಟಿನ ಕಲ್ಲುಗಳ ತಲೆ ಮಾತ್ರ ಕಾಣಿಸುತ್ತಿತ್ತು.

ಟೋಕನ್ ವಾಪಸ್ ಬರಲಿಲ್ಲ. ಅಮ್ಮ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ, "ಇಪ್ಪತ್ತೈದು ಸಾವಿರಕ್ಕೇ ಮುಗೀತಲ್ಲ ಬಿಡು, ಮನೆ ಕಟ್ಟಿದ ಮೇಲೆ ಗೊತ್ತಾಗಿದ್ರೆ?" ಅಂದರು.

ಈಗ ಕುವೆಂಪುನಗರದಲ್ಲಿ ಮೂವತ್ತು-ನಲವತ್ತರ ಸೈಟಿನ ಒಂದು ಹಳೇ ಮನೆ ಮಾತಾಗಿದೆ. ಚಿಕ್ಕದು, ಬಣ್ಣ ಹೋಗಿದೆ, ಆಫೀಸು ದೂರ, ಕಾರು ರಸ್ತೆಯಲ್ಲೇ. ನೋಡೋಕೆ ಹೋದ ದಿನ ಅಪ್ಪ ಆ ಮನೆಯವರ ಹತ್ತಿರ ಒಂದು ಬಕೆಟ್ ನೀರು ಕೇಳಿ ಗೇಟಿನ ಮುಂದೆ ಸುರಿದರು. ನನಗೋ ಮುಜುಗರ. ನೀರು ಸರಸರನೆ ಇಳಿದು ಚರಂಡಿ ಸೇರಿತು. "ಹೂಂ" ಅಂದರು, ಅಷ್ಟೇ. ಪಕ್ಕದ ಮನೆಯವರು ಯಾರು, ಯಾವ ಜನ ಅಂತ ನಾವು ಯಾರೂ ಕೇಳಲಿಲ್ಲ. ಮುಂದಿನ ತಿಂಗಳು ರಿಜಿಸ್ಟ್ರೇಶನ್.

ನೀವಿರೋ ಜಾಗ ಮೊದಲು ಏನಾಗಿತ್ತು? ಕೆರೆಯೋ, ತೋಪೋ, ಕೊಪ್ಪಲೋ? ಗೊತ್ತಿದ್ದರೆ ಬರೆಯಿರಿ. ಗೊತ್ತಿಲ್ಲದಿದ್ದರೆ ಈ ಭಾನುವಾರ ಮನೆಯ ಹಿರಿಯರನ್ನು ಕೇಳಿ ನೋಡಿ.