ಮಕರ, ಮರುಳ್, ಕೀರ್ತಿಮುಖ: ಕಲ್ಪಿತ ಜೀವಿಗಳ ರಚನಾಕ್ರಮ

ಹಿರೇಹಡಗಲಿ ಎಂಬ ಹೆಸರು ಇತಿಹಾಸದ ವಿದ್ಯಾರ್ಥಿಗಳಿಗೆ ಬಹುಮಟ್ಟಿಗೆ ಒಂದು ತಾಮ್ರಶಾಸನದ ಮೂಲಕ ಪರಿಚಿತವಾದುದು. ಪಲ್ಲವ ಶಿವಸ್ಕಂದವರ್ಮನ ಪ್ರಾಕೃತ ಶಾಸನವು ಈ ಊರಿನಲ್ಲಿ ದೊರೆತು, ಬ್ಯೂಲರ್ ಪಂಡಿತನ ಸಂಪಾದನೆಯಲ್ಲಿ ‘ಎಪಿಗ್ರಾಫಿಯಾ ಇಂಡಿಕಾ’ದ ಮೊದಲನೆಯ ಸಂಪುಟದಲ್ಲಿ ಪ್ರಕಟವಾದಂದಿನಿಂದ, ಊರಿನ ಹೆಸರು ಅಡಿಟಿಪ್ಪಣಿಗಳಲ್ಲಿ ನೆಲೆಸಿಬಿಟ್ಟಿದೆ. ಊರಿನಲ್ಲಿಯೇ ನಿಂತಿರುವ ಕಲ್ಲೇಶ್ವರ ದೇವಾಲಯಕ್ಕೆ ಅಷ್ಟು ಭಾಗ್ಯ ಲಭಿಸಲಿಲ್ಲ. ಕಲ್ಯಾಣದ ಚಾಳುಕ್ಯ ಆಹವಮಲ್ಲ ಸೋಮೇಶ್ವರನ ಆಳಿಕೆಯಲ್ಲಿ, ಕ್ರಿ. ಶ. 1057ರ ಸುಮಾರಿನಲ್ಲಿ, ಮಂತ್ರಿಯಾದ ದೇಮರಸನಿಂದ ನಿರ್ಮಿತವಾದ ಈ ಗುಡಿಯನ್ನು ಅಲೆಕ್ಸಾಂಡರ್ ರೀ ತನ್ನ 1896ರ ಗ್ರಂಥದಲ್ಲಿ ಬಳ್ಳಾರಿ ಸೀಮೆಯ ಇತರ ಚಾಳುಕ್ಯ ದೇವಾಲಯಗಳೊಡನೆ ಚಿತ್ರಪಟಗಳ ಸಮೇತ ದಾಖಲಿಸಿದನು. ಆಗ ಇದು ಮದರಾಸು ಪ್ರಾಂತದ ಭಾಗ. 1953ರಲ್ಲಿ ಮೈಸೂರು ಸಂಸ್ಥಾನಕ್ಕೆ ಸೇರಿತು. 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ.

ಈ ಗುಡಿಯ ವಾಸ್ತುವನ್ನು ವಿವರಿಸುವುದು ಪ್ರಕೃತ ಲೇಖನದ ಉದ್ದೇಶವಲ್ಲ. ಇಲ್ಲಿನ ಹಾಗೂ ಸಮಕಾಲೀನ ಗುಡಿಗಳ ಬಾಗಿಲುವಾಡಗಳಲ್ಲಿಯೂ ತೋರಣಗಳಲ್ಲಿಯೂ ಲೋಕದಲ್ಲಿಲ್ಲದ ಪ್ರಾಣಿಗಳು ತುಂಬಿಕೊಂಡಿವೆ. ಇವುಗಳನ್ನು ನಾವು ‘ಅಲಂಕಾರ’ ಎಂಬ ಒಂದೇ ಮಾತಿನಿಂದ ಪಾಠದಲ್ಲಿ ಮುಗಿಸುತ್ತೇವೆ. ಇಲ್ಲದ ಪ್ರಾಣಿಯನ್ನು ಶಿಲ್ಪಿ ಹೇಗೆ ಉಂಟುಮಾಡಿದನು, ಗ್ರಂಥವನ್ನು ನೋಡಿಯೋ ಕೈಯ ಅನುಭವದಿಂದಲೋ, ಎಂಬ ಪ್ರಶ್ನೆ ಮಾತ್ರ ಹಾಗೆಯೇ ಉಳಿದುಬಿಡುತ್ತದೆ.

ಈ ಪ್ರಶ್ನೆಯನ್ನು ನನ್ನ ಮುಂದಿಟ್ಟವರು ವಿದ್ಯಾರ್ಥಿಗಳು. ಗುಡಿಯನ್ನು ನೋಡಿಕೊಂಡು ಹಿಂದಿರುಗುವಾಗ ಬಸ್ಸಿನ ಹಿಂದಿನ ಆಸನದಲ್ಲಿ ನಾಲ್ವರು ದಾಳವೊಂದನ್ನು ಉರುಳಿಸುತ್ತ ಕಾಗದದ ಮೇಲೆ ಏನನ್ನೋ ಬರೆಯುತ್ತಿದ್ದರು. ಜೂಜೆಂದು ಶಂಕಿಸಿ ಹತ್ತಿರ ಹೋದೆನು. ಅವರು ಆಡುತ್ತಿದ್ದುದು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬ ಅಮೆರಿಕನ್ನರು 1974ರಲ್ಲಿ ಪ್ರಕಟಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟದ ಸಂತತಿಯಲ್ಲಿ ಒಂದನ್ನು. ಒಬ್ಬನು ಕಥೆಯನ್ನು ನಡೆಸುತ್ತಾನೆ; ಉಳಿದವರು ಅದರ ಪಾತ್ರಗಳಾಗುತ್ತಾರೆ. ಕಥೆ ನಡೆಸುವವನು ‘ಗಾಬ್ಲಿನ್’ ಎಂಬ ಕುಬ್ಜ ಪಿಶಾಚಿಗಳ ವಿಕೃತ ಕುಲವೊಂದನ್ನು ಸೃಷ್ಟಿಸಬೇಕಾಗಿತ್ತು. ಒಂದು ಪಟ್ಟಿಯಲ್ಲಿ ತಲೆಗಳು, ಇನ್ನೊಂದರಲ್ಲಿ ಕೈಕಾಲುಗಳು, ಮತ್ತೊಂದರಲ್ಲಿ ಗುಣದೋಷಗಳು. ದಾಳ ಬಿದ್ದ ಸಂಖ್ಯೆಗೆ ತಕ್ಕಂತೆ ಅಂಗಗಳು ಕೂಡಿಕೊಳ್ಳುತ್ತವೆ. ಅಂದು ಹುಟ್ಟಿದ ಜೀವಿಗೆ ಕಪ್ಪೆಯ ನಾಲಗೆ, ಮೂರು ಮೊಣಕೈ, ಬೆಳಕನ್ನು ಕಂಡರೆ ನಿದ್ರೆ. ‘ಇದು ಎಲ್ಲಿ ವಾಸಿಸುತ್ತದೆ? ಏನನ್ನು ತಿನ್ನುತ್ತದೆ?’ ಎಂದು ಉಳಿದ ಮೂವರು ಕೇಳಿದರು. ಅವನಲ್ಲಿ ಉತ್ತರವಿರಲಿಲ್ಲ; ಅದನ್ನು ಬಿಟ್ಟು ದಾಳವನ್ನು ಮತ್ತೆ ಉರುಳಿಸಿದನು.

ಈ ಆಟದ 1977ರ ರಾಕ್ಷಸಕೋಶದಲ್ಲಿ ‘ರಾಕ್ಷಸ’ ಎಂಬ ಹೆಸರಿನಿಂದಲೇ ಒಂದು ಜೀವಿ ಸೇರಿದೆ. ಚಿತ್ರದಲ್ಲಿ ಅದಕ್ಕೆ ಹುಲಿಯ ತಲೆ. ನಮ್ಮ ರಾಕ್ಷಸನಿಗೆ ಹುಲಿಯ ತಲೆ ಖಾಯಂ ಆಗಿ ಎಂದೂ ಇರಲಿಲ್ಲವೆಂದು ಆಕ್ಷೇಪಿಸುವುದು ಸುಲಭ. ಆದರೆ ಒಂದು ಹೆಸರು ದೇಶಾಂತರ ಹೋದಾಗ ಹೊಸ ಮೈಯನ್ನು ಪಡೆಯುವುದು ನಮ್ಮಲ್ಲಿಯೂ ನಡೆದ ಸಂಗತಿಯೇ ಎಂಬುದನ್ನು ಮುಂದೆ ನೋಡಲಿದ್ದೇವೆ.

ಗಾಬ್ಲಿನ್ ಎಂಬುದಕ್ಕೆ ಸಮೀಪವಾದ ಹಳಗನ್ನಡ ಶಬ್ದ ‘ಮರುಳ್’. ರನ್ನನ ಗದಾಯುದ್ಧದಲ್ಲಿ ಸಂಜಯನೊಡನೆ ರಣಭೂಮಿಯನ್ನು ಹಾಯುತ್ತಿರುವ ದುರ್ಯೋಧನನನ್ನು ಮರುಳ್ಗಳು ಹಂಗಿಸುತ್ತವೆ. ಶಬ್ದಕ್ಕೆ ಪಿಶಾಚಿ ಎಂಬ ಅರ್ಥವೂ ಬುದ್ಧಿಗೆಟ್ಟವನು ಎಂಬ ಅರ್ಥವೂ ಇರುವುದರಿಂದ ಆ ಪ್ರಸಂಗಕ್ಕೆ ಬಂದ ಕಟುತ್ವ ಓದಿದವರಿಗೆಲ್ಲ ಗೊತ್ತು. ರನ್ನನ ಮರುಳ್ಗಳಿಗಿಂತ ಹಿಂದೆ ಮಹಾಭಾರತದ ಎರಡು ದೊಡ್ಡ ಪಟ್ಟಿಗಳಿವೆ. ಶಲ್ಯಪರ್ವದಲ್ಲಿ ಸ್ಕಂದನ ಪರಿವಾರದ ಗಣಗಳನ್ನೂ, ಸೌಪ್ತಿಕಪರ್ವದಲ್ಲಿ ಅಶ್ವತ್ಥಾಮನಿಗೆ ಗೋಚರಿಸಿದ ಭೂತಗಳನ್ನೂ ವರ್ಣಿಸುವಾಗ ಕವಿ ನಾಯಿ, ಹಂದಿ, ಒಂಟೆ, ಆಮೆ, ಕೋಳಿ ಮೊದಲಾದ ಪ್ರಾಣಿಗಳ ಮುಖಗಳನ್ನು ಒಂದಾದ ಮೇಲೊಂದರಂತೆ ಮನುಷ್ಯದೇಹಕ್ಕೆ ಜೋಡಿಸುತ್ತ ಹೋಗುತ್ತಾನೆ. ಬಸ್ಸಿನಲ್ಲಿ ಕಂಡ ಪಟ್ಟಿಗೂ ಇದಕ್ಕೂ ವಿಧಾನದಲ್ಲಿ ಭೇದವಿಲ್ಲ. ಸೌಪ್ತಿಕಪರ್ವದಲ್ಲಿ ಮಾತ್ರ ಪಟ್ಟಿಗೆ ಒಂದು ಕಾರ್ಯವುಂಟು: ಆ ರಾತ್ರಿ ಅಶ್ವತ್ಥಾಮನು ಮಾಡಲಿರುವ ಕೃತ್ಯಕ್ಕೆ ಮನುಷ್ಯರ ಸಾಕ್ಷಿ ಸಾಲದು.

ಕನ್ನಡನಾಡಿನ ಕಲ್ಲಿನಲ್ಲಿ ಇಂಥ ಗಣಗಳು ಹಿಂಡಾಗಿ ಕಾಣಿಸಿಕೊಳ್ಳುವುದು ಬಾದಾಮಿಯಲ್ಲಿ. ಒಂದನೆಯ ಗುಹೆಗೆ ಏರುವಲ್ಲಿ ಕುಬ್ಜಗಣಗಳು ಸಾಲುಗಟ್ಟಿವೆ. ಕೆಲವಕ್ಕೆ ದನದ ತಲೆ, ಕೆಲವಕ್ಕೆ ಕುದುರೆಯ ತಲೆ. ಮಂಗಳೇಶನ ಶಾಸನದಿಂದ ಕ್ರಿ. ಶ. 578ರದೆಂದು ನಿಶ್ಚಿತವಾದ ಮೂರನೆಯ ಗುಹೆಯ ಅಧಿಷ್ಠಾನದಲ್ಲಿಯೂ ಗಣಗಳುಂಟು. ಇಲ್ಲಿ ಲಕ್ಷಿಸತಕ್ಕ ಅಂಶವೆಂದರೆ ಅವುಗಳ ಸ್ಥಾನ. ದೇವತಾಮೂರ್ತಿಗಳಿಗೆ ಗೋಡೆ, ಗಣಗಳಿಗೆ ಕಟ್ಟಡದ ಬುಡ. ಭಾರವನ್ನು ಹೊರುವುದು ಅವುಗಳ ಪಾಲಿನ ಕೆಲಸ. ಡೊಳ್ಳುಹೊಟ್ಟೆ, ಗಿಡ್ಡ ಕಾಲು, ಅಗಲವಾದ ಹೆಗಲು ಇವೆಲ್ಲ ಆ ಕೆಲಸದಿಂದ ಬಂದುವು. ಈ ದೇಹವೊಂದು ನಿಶ್ಚಿತವಾದ ಮೇಲೆ ತಲೆಯನ್ನು ಬದಲಿಸುವುದಕ್ಕೆ ಶಿಲ್ಪಿಗೆ ಸ್ವಾತಂತ್ರ್ಯವಿತ್ತು. ಅದನ್ನು ಅವನು ಮನಸ್ವಿಯಾಗಿ ಬಳಸಿಕೊಂಡಿದ್ದಾನೆ.

ಈಗ ಮಕರಕ್ಕೆ ಬರೋಣ. ಬೇಲೂರು ಹಳೇಬೀಡುಗಳಲ್ಲಿ ಮಾರ್ಗದರ್ಶಕರು ಮಕರದಲ್ಲಿ ಏಳು ಪ್ರಾಣಿಗಳನ್ನು ಎಣಿಸಿ ತೋರಿಸುತ್ತಾರೆ: ಆನೆಯ ಸೊಂಡಿಲು, ಮೊಸಳೆಯ ಬಾಯಿ, ಹಂದಿಯ ಮೈ, ಸಿಂಹದ ಕಾಲು, ಕೋತಿಯ ಕಣ್ಣು, ಹಸುವಿನ ಕಿವಿ, ನವಿಲಿನ ಬಾಲ. ಹೇಳುವವರು ಬದಲಾದಂತೆ ಒಂದೆರಡು ಪ್ರಾಣಿಗಳೂ ಬದಲಾಗುತ್ತವೆ. ಈ ಪಟ್ಟಿಯನ್ನು ನಾನೂ ತರಗತಿಯಲ್ಲಿ ಹಲವು ವರ್ಷ ಹೇಳಿದ್ದೇನೆ. ಹಿರೇಹಡಗಲಿಯಲ್ಲಿ ವಿದ್ಯಾರ್ಥಿನಿಯೊಬ್ಬಳು ತೋರಣವೊಂದರ ಮುಂದೆ ನಿಂತು, ನವಿಲೆಲ್ಲಿದೆ ಎಂದು ಕೇಳಿದಾಗ ನಾನು ತೋರಿಸಲಾರದೆ ಹೋದೆನು. ಅಲ್ಲಿ ಬಾಲವೇ ಇರಲಿಲ್ಲ. ಸೊಂಟದಿಂದ ಹಿಂದಕ್ಕೆ ಮಕರವು ಬಳ್ಳಿಯಾಗಿ ಸುರುಳಿಸುರುಳಿಯಾಗಿ ಮೇಲೇರಿತ್ತು. ಅನಂತರ ಗಮನಿಸಿದರೆ ಚಾಳುಕ್ಯ ತೋರಣಗಳ ಮಕರಗಳಲ್ಲಿ ಸಾಮಾನ್ಯವಾಗಿ ಕಾಣುವುದು ಇದೇ ಕ್ರಮ. ಸೊಂಡಿಲು ಮತ್ತು ತೆರೆದ ಬಾಯಿ ಬಹುಮಟ್ಟಿಗೆ ಬದಲಾಗುವುದಿಲ್ಲ; ಏಕೆಂದರೆ ತೋರಣದ ಕಮಾನು ಆ ಬಾಯಿಯಿಂದ ಹೊರಡಬೇಕು. ಹಿಂಭಾಗಕ್ಕೆ ಅಂಥ ಹೊಣೆ ಇಲ್ಲ. ಅಲ್ಲಿ ಬರಿದಾಗಿ ಉಳಿದ ಕಲ್ಲನ್ನು ಶಿಲ್ಪಿ ತನಗೆ ತೋಚಿದ ಎಲೆಬಳ್ಳಿಗಳಿಂದ ತುಂಬಿದ್ದಾನೆ. ಏಳು ಪ್ರಾಣಿಗಳ ಪಟ್ಟಿ ಮಕರವನ್ನು ಕಂಡವರು ಮಾಡಿದ ವ್ಯಾಖ್ಯಾನವೇ ಹೊರತು ಮಕರವನ್ನು ಕಡೆದವರು ಅನುಸರಿಸಿದ ಸೂತ್ರವಲ್ಲವೆಂದು ನನಗೆ ತೋರುತ್ತದೆ.

ಕೀರ್ತಿಮುಖದ ವಿಷಯದಲ್ಲಿಯೂ ಹೀಗೆಯೇ. ಶಿವಪುರಾಣವೇ ಮೊದಲಾದವುಗಳಲ್ಲಿ ಬರುವ ಕಥೆ ಪ್ರಸಿದ್ಧವಾದುದು. ಜಲಂಧರನ ದೂತನಾಗಿ ಬಂದ ರಾಹು ಪಾರ್ವತಿಯನ್ನು ಒಪ್ಪಿಸೆಂದು ಕೇಳಿದಾಗ ಶಿವನ ಹುಬ್ಬಿನ ನಡುವಿನಿಂದ ಸಿಂಹಮುಖದ, ಹಸಿದು ಬತ್ತಿದ ಜೀವಿಯೊಂದು ಹೊರಬಿದ್ದಿತು. ರಾಹು ಶರಣಾದನು, ಶಿವನು ಅವನನ್ನು ಬಿಡಿಸಿದನು, ಆಹಾರವಿಲ್ಲದೆ ನಿಂತ ಜೀವಿ ಶಿವನ ಮಾತಿನಂತೆ ತನ್ನ ಕೈಕಾಲುಗಳನ್ನೇ ತಿನ್ನತೊಡಗಿ ಕಡೆಗೆ ಮುಖಮಾತ್ರವಾಗಿ ಉಳಿಯಿತು. ಮೆಚ್ಚಿದ ಶಿವನು ಅದನ್ನು ತನ್ನ ಬಾಗಿಲಿನಲ್ಲಿ ನಿಲ್ಲಿಸಿದನು. ಇತರ ಕಲ್ಪಿತ ಜೀವಿಗಳು ಅಂಗಗಳನ್ನು ಕೂಡಿಸುವುದರಿಂದ ಹುಟ್ಟಿದರೆ ಇದು ಕಳೆಯುವುದರಿಂದ ಹುಟ್ಟಿತು. ಪಟ್ಟಿ ಹಿಡಿದು ದಾಳ ಉರುಳಿಸುವವನಿಗೆ ಈ ಉಪಾಯ ಹೊಳೆಯುವುದು ಕಷ್ಟ. ಆದರೆ ಕಲ್ಲಿನ ಕೀರ್ತಿಮುಖಕ್ಕೆ ಸಾಮಾನ್ಯವಾಗಿ ಕೆಳದವಡೆಯೂ ಇಲ್ಲ. ಕಥೆ ಇದಕ್ಕೆ ಕಾರಣ ಹೇಳುವುದಿಲ್ಲ. ಕಾರಣ ಕಟ್ಟಡದಲ್ಲಿದೆ: ಮೇಲುದವಡೆಯ ಕೆಳಗಿನಿಂದ ಮಾಲೆಗಳೂ ಬಳ್ಳಿಗಳೂ ಇಳಿಯಬೇಕಾದ್ದರಿಂದ ಕೆಳದವಡೆಗೆ ಸ್ಥಳವಿಲ್ಲ. ಕಲ್ಲಿನ ಮುಖ ಮೊದಲು, ಕಥೆ ಅನಂತರ ಎಂದು ಊಹಿಸುವುದಕ್ಕೆ ಇದರಿಂದ ಅವಕಾಶ ದೊರೆಯುತ್ತದೆ.

ಇದಕ್ಕೆ ಪ್ರತಿಯಾಗಿ ಶಿಲ್ಪಶಾಸ್ತ್ರಗಳನ್ನು ಎತ್ತಿ ತೋರಿಸಬಹುದು. ಭೋಜರಾಜನ ಸಮರಾಂಗಣಸೂತ್ರಧಾರದಲ್ಲಿ ಹದಿನಾರು ಬಗೆಯ ವ್ಯಾಲಗಳ ಹೆಸರುಗಳುಂಟು. ಪಶ್ಚಿಮ ಭಾರತದ ಗ್ರಂಥವಾದ ಅಪರಾಜಿತಪೃಚ್ಛೆ ಇನ್ನೂ ಮುಂದೆ ಹೋಗಿ, ಸಿಂಹ, ಗಜ, ಅಶ್ವ, ನರ, ವೃಷಭ, ಮೇಷ, ಶುಕ, ಸೂಕರ ಮೊದಲಾದ 16 ತಲೆಗಳನ್ನು 16 ಭಂಗಿಗಳಿಂದ ಗುಣಿಸಿ 256 ವ್ಯಾಲಗಳನ್ನು ಪಡೆಯುತ್ತದೆ. ಇದು ಸಾಕ್ಷಾತ್ ಆಟದ ಕೋಷ್ಟಕವೇ! ದಾಳವೊಂದು ಮಾತ್ರ ಇಲ್ಲ. ವ್ಯಾಲಗಳ ಮೇಲೆ 1965ರಲ್ಲಿ ಪ್ರತ್ಯೇಕ ಗ್ರಂಥವನ್ನೇ ಬರೆದ ಮಧುಸೂದನ ಢಾಕಿಯವರಿಂದ ಈ ಪಟ್ಟಿಗಳು ವಿದ್ವಾಂಸರ ಗಮನಕ್ಕೆ ಚೆನ್ನಾಗಿ ಬಂದುವು. ಆದರೆ ಕಾಲಗಣನೆಯನ್ನು ಮರೆಯಬಾರದು. ಅಪರಾಜಿತಪೃಚ್ಛೆ ಹನ್ನೆರಡನೆಯ ಶತಮಾನಕ್ಕಿಂತ ಹಿಂದಿನದಲ್ಲ. ದೇಮರಸನ ಗುಡಿ ಅಷ್ಟರಲ್ಲಿ ಹಳೆಯದಾಗಿತ್ತು. ಭೋಜನು ಸೋಮೇಶ್ವರನ ಸಮಕಾಲೀನ, ಅದರಲ್ಲಿಯೂ ಶತ್ರು. ಮಾಳವದಲ್ಲಿ ರಚಿತವಾದ ಗ್ರಂಥವನ್ನು ತುಂಗಭದ್ರೆಯ ಬದಿಯ ಶಿಲ್ಪಿಗಳು ಕೂಡಲೆ ಕೈಪಿಡಿಯಾಗಿ ಹಿಡಿದರೆಂದು ಹೇಳಲು ಆಧಾರ ಬೇಕು. ಇಷ್ಟಲ್ಲದೆ 256ರಲ್ಲಿ ಗುಡಿಗಳ ಮೇಲೆ ವಾಸ್ತವವಾಗಿ ಕಾಣಸಿಗುವುವು ಬಹು ಸ್ವಲ್ಪ. ಸಿಂಹ ಮತ್ತು ಗಜಗಳ ತಲೆಯವೇ ಹೆಚ್ಚು. ಹಾಗಾದರೆ ಶಾಸ್ತ್ರಕಾರನು ಶಿಲ್ಪಿಗಳ ಕೈಯಲ್ಲಿ ಆಗಲೇ ಇದ್ದುದನ್ನು ಕಂಡು, ಅದಕ್ಕೆ ಗಣಿತದ ಪೂರ್ಣತೆಯನ್ನು ಕೊಟ್ಟನೆನ್ನಬೇಕು. ಶಾಸ್ತ್ರಕ್ಕೆ ಇದರಿಂದ ಅಗೌರವವೇನೂ ಇಲ್ಲ. ವ್ಯಾಕರಣವನ್ನು ಓದಿಕೊಂಡು ಯಾರೂ ಮಾತು ಕಲಿಯುವುದಿಲ್ಲ.

ಶಿಲ್ಪಿಗಳು ಒಂದೇ ಹೆಸರಿಗೆ ಬೇರೆ ಬೇರೆ ಮೈಗಳನ್ನು ಕೊಡಬಲ್ಲವರಾಗಿದ್ದರೆಂಬುದಕ್ಕೆ ಗಂಡಭೇರುಂಡಕ್ಕಿಂತ ಉತ್ತಮವಾದ ನಿದರ್ಶನವಿಲ್ಲ. ಹಿರೇಹಡಗಲಿಯ ಗುಡಿಗೆ ಹತ್ತು ವರ್ಷ ಹಿಂದೆ, ಅದೇ ಆಹವಮಲ್ಲನ ಕಾಲದಲ್ಲಿ, 1047ರಲ್ಲಿ ಬಳ್ಳಿಗಾವಿಯಲ್ಲಿ ಚಾವುಂಡರಾಯರಸನು ನಿಲ್ಲಿಸಿದ ಭೇರುಂಡಸ್ತಂಭದ ಮೂರ್ತಿಗೆ ಮನುಷ್ಯನ ಶರೀರ, ಹಕ್ಕಿಯ ಎರಡು ತಲೆ. ಎಪ್ಪತ್ತು ವರ್ಷಗಳ ತರುವಾಯ, 1117ರಲ್ಲಿ ಪ್ರತಿಷ್ಠಿತವಾದ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಅದು ಪೂರ್ಣವಾಗಿ ಹಕ್ಕಿ. ಬೇಲೂರಿನ ಆ ಶಿಲ್ಪದ ರಚನೆ ವಿನೋದಕರವಾಗಿದೆ. ಜಿಂಕೆಯನ್ನು ಹೆಬ್ಬಾವು, ಹೆಬ್ಬಾವನ್ನು ಆನೆ, ಆನೆಯನ್ನು ಸಿಂಹ, ಸಿಂಹವನ್ನು ಶರಭ, ಶರಭವನ್ನು ಗಂಡಭೇರುಂಡ ಹಿಡಿದಿವೆ. ಬದಿಯಲ್ಲಿ ಋಷಿಯೊಬ್ಬನು ಬೆರಗಾಗಿ ನೋಡುತ್ತಿದ್ದಾನೆ. ಮೊದಲಿನ ನಾಲ್ಕು ಲೋಕದ ಪ್ರಾಣಿಗಳು, ಕಡೆಯ ಎರಡು ಕಲ್ಪಿತವಾದುವು. ಸಿಂಹಕ್ಕಿಂತ ಬಲಶಾಲಿಯಾದುದು ಕಾಡಿನಲ್ಲಿ ದೊರೆಯದೆ ಹೋದಾಗ ಶಿಲ್ಪಿ ಕಲ್ಪನೆಯ ನೆರವು ಪಡೆದನು. ಆದರೆ ಜಿಂಕೆಯಿಂದ ಆರಂಭಿಸಿದ್ದರಿಂದ ಶರಭವೂ ಹಸಿವುಳ್ಳ ಪ್ರಾಣಿಯಾಗಿ ನಮಗೆ ತೋರುತ್ತದೆ. ಅದು ಏನನ್ನು ತಿನ್ನುತ್ತದೆ ಎಂದು ಯಾರೂ ಕೇಳಬೇಕಾಗಿಲ್ಲ.

ಹಿರೇಹಡಗಲಿಯ ಸೀಮೆ ಈ ವಿಷಯವನ್ನು ಕ್ರಮವಾಗಿ ಪರೀಕ್ಷಿಸುವುದಕ್ಕೆ ಅನುಕೂಲವಾದುದು. ಬಾಗಳಿಯ ಕಲ್ಲೇಶ್ವರದಲ್ಲಿ 987ರ ಶಾಸನವಿದೆ. ರನ್ನನಿಗೆ ಆಶ್ರಯವಿತ್ತ ತೈಲಪನ ಕಾಲವದು. ಹಿರೇಹಡಗಲಿಯದು 1057ರದು. ಮದನಿಕೆಗಳಿಗಾಗಿ ಪ್ರಸಿದ್ಧವಾದ ಕುರುವತ್ತಿಯ ಮಲ್ಲಿಕಾರ್ಜುನ ಹತ್ತಿರದಲ್ಲಿಯೇ ತುಂಗಭದ್ರೆಯ ದಡದಲ್ಲಿದೆ. ಮೂರೂ ಕಡೆಯ ಮಕರಗಳನ್ನು ಬಾಯಿ, ಸೊಂಡಿಲು, ಕಾಲು, ಬಾಲ ಎಂದು ವಿಂಗಡಿಸಿ ಚಿತ್ರಿಸಿದರೆ, ಯಾವ ಅಂಗ ಪೀಳಿಗೆಯಿಂದ ಪೀಳಿಗೆಗೆ ಸ್ಥಿರವಾಗಿ ಸಾಗಿತು, ಯಾವುದು ಶಿಲ್ಪಿಯ ಇಚ್ಛೆಗೆ ಒಳಪಟ್ಟಿತು ಎಂಬುದು ಸ್ಪಷ್ಟವಾಗಬೇಕು. ಈ ಕಲ್ಲು ಬಳಪದ ಜಾತಿಯದಾದ್ದರಿಂದ ನಯವಾದ ಗೆರೆಗಳು ಉಳಿದಿವೆ. ಸುಣ್ಣ ಮೆತ್ತಿಕೊಂಡೆಡೆ ಮಾತ್ರ ಹುಷಾರಾಗಿ ನೋಡಬೇಕು. ನವಿಲನ್ನು ಕೇಳಿದ ವಿದ್ಯಾರ್ಥಿನಿ ಬಾಲಗಳ ಚಿತ್ರಗಳನ್ನು ಬರೆಯತೊಡಗಿದ್ದಾಳೆ. ದಾಳ ಉರುಳಿಸಿದ ಹುಡುಗನಿಗೆ ಬಾಯಿಗಳನ್ನು ಒಪ್ಪಿಸಿದ್ದೇನೆ.